ಸ್ಟೋರೇಜ್ ಫುಲ್: ಬಳ್ಳಾರಿಯ ನೆನಪನ್ನು ಎಲ್ಲಿಡೋದು?

ತುಂಗಭದ್ರಾ ಜಲಾಶಯದ ಲೆಕ್ಕ ಸಿರುಗುಪ್ಪ, ಕುರುಗೋಡಿನ ರೈತರಿಗೆ ಬಾಯಿಪಾಠ. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿದ್ದದ್ದು ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಹೂಳು ತೆಗೆಯೋದಾ, ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟೋದಾ ಅನ್ನೋ ಚರ್ಚೆ ವರ್ಷಗಳಿಂದ ನಡೀತಾನೇ ಇದೆ.

ನಮ್ಮ ಜೇಬಿನ ಫೋನಿನ ಕಥೆಯೂ ಹೆಚ್ಚುಕಡಿಮೆ ಇದೇ. ಫಾರ್ವರ್ಡ್‌ಗಳ ಹೂಳು ತುಂಬಿ ಸ್ಟೋರೇಜ್ ಫುಲ್. ಅಳಿಸೋದಾ, ಕಂಪನಿಗೆ ತಿಂಗಳ ಬಾಡಿಗೆ ಕಟ್ಟೋದಾ, ಮನೆಯಲ್ಲೇ ಹಾರ್ಡ್ ಡಿಸ್ಕ್ ಹಾಕಿ ಮೀಡಿಯಾ ಸರ್ವರ್ ಮಾಡ್ಕೊಳ್ಳೋದಾ? ಈ ಪ್ರಶ್ನೆಯನ್ನು ಗ್ಯಾಜೆಟ್ ಹುಚ್ಚಿನವರಿಗೆ ಬಿಟ್ಟುಬಿಡೋಕಾಗಲ್ಲ. ಯಾಕಂದ್ರೆ ಅಳಿಸಿ ಹೋಗೋದು ಬರೀ ಗುಡ್ ಮಾರ್ನಿಂಗ್ ಫೋಟೊ ಅಲ್ಲ.

ಒಂದು ಲೆಕ್ಕ ನೋಡಿ. ಸಾಮಾನ್ಯ ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ತಿನ್ನುತ್ತೆ. ನಮ್ಮ ಕಡೆಯ ಬಯಲಾಟ ರಾತ್ರಿಯಿಡೀ ನಡೆಯುತ್ತೆ. ಎಂಟು ಗಂಟೆ ರೆಕಾರ್ಡ್ ಮಾಡಿದ್ರೆ 62 ಜಿಬಿ. ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ. ಅಂದ್ರೆ ಎರಡು ಗಂಟೆಯ ಆಟವೂ ಅದರಲ್ಲಿ ಪೂರ್ತಿ ಹಿಡಿಯಲ್ಲ. ಅದೇ 4 ಟಿಬಿ ಡಿಸ್ಕ್ ಇದ್ರೆ ಅರವತ್ತು ರಾತ್ರಿಯ ಆಟ ಇಟ್ಕೊಬಹುದು.

ಬಾಡಿಗೆ ಜಾಗಕ್ಕೆ ಬಾಡಿಗೆದಾರರೇ ಷರತ್ತು ಹಾಕೋಕಾಗಲ್ಲ. ಗೂಗಲ್ ಫೋಟೋಸ್ ಮೊದಲು ಮಿತಿಯಿಲ್ಲದ ಉಚಿತ ಜಾಗ ಕೊಟ್ಟು ಎಲ್ಲರಿಗೂ ರೂಢಿ ಮಾಡಿಸಿತು, 2021ರ ಜೂನ್ 1ರಿಂದ ಅದನ್ನು ನಿಲ್ಲಿಸಿತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಗೆ ಬಂತು. ಊರಿನ ಹಿರಿಯ ಕಲಾವಿದರೊಬ್ಬರು ತೀರಿಕೊಂಡು, ಅವರ ಖಾತೆಯ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಅಂದ್ಕೊಳ್ಳಿ. ಎರಡು ವರ್ಷ ಕಳೆದ್ರೆ ಅವರ ಕಲೆಗೂ ತಿಥಿ ಆದಂಗೆ.

ಹಂಗಾದ್ರೆ ಮನೆಯಲ್ಲೇ ಇಟ್ಕೊಳ್ಳೋಣ. ಹಳೇ ಕಂಪ್ಯೂಟರ್, ಒಂದು ದೊಡ್ಡ ಡಿಸ್ಕ್, ಜೆಲ್ಲಿಫಿನ್‌ನಂಥ ಉಚಿತ ತಂತ್ರಾಂಶ ಇದ್ರೆ ಮನೆ ಟಿವಿ, ಮೊಬೈಲು ಎಲ್ಲದರಲ್ಲೂ ನೋಡಬಹುದು. ಆದರೆ ಇದಕ್ಕೂ ಖರ್ಚಿದೆ. 20 ವ್ಯಾಟ್ ಎಳೆಯೋ ಸಣ್ಣ ಸರ್ವರ್ ದಿನವಿಡೀ ಓಡಿದ್ರೆ ತಿಂಗಳಿಗೆ 14 ಯೂನಿಟ್ ಮೇಲಾಗುತ್ತೆ. ಗೃಹಜ್ಯೋತಿಯಲ್ಲಿ 80 ಯೂನಿಟ್ ಸರಾಸರಿ ಇರೋ ಮನೆಗೆ ಶೇ 10 ಸೇರಿಸಿ ಸಿಗೋದು 88 ಯೂನಿಟ್; ಸರ್ವರ್ ಹಾಕಿದ್ರೆ 94 ದಾಟುತ್ತೆ, ಹೆಚ್ಚುವರಿಗೆ ದುಡ್ಡು ಕಟ್ಟಬೇಕು. ಮೇಲಾಗಿ ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತೆ. ಗಾಳಿಯಾಡದ ಮೂಲೆಯಲ್ಲಿಟ್ಟ ಡಿಸ್ಕ್ ಬೇಗ ಸಾಯುತ್ತೆ. ಎರಡು ಡಿಸ್ಕ್ ಹಾಕಿ ಮಿರರ್ ಮಾಡಿದ್ರೆ ಒಂದು ಕೈಕೊಟ್ಟರೂ ಇನ್ನೊಂದಿರುತ್ತೆ, ನಿಜ. ಆದರೆ ತಪ್ಪಿ ಡಿಲೀಟ್ ಒತ್ತಿದ್ರೆ ಎರಡರಲ್ಲೂ ಒಟ್ಟಿಗೇ ಹೋಗುತ್ತೆ. ಹಂಗಾಗಿ ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ ಬೇಕೇ ಬೇಕು.

ದೊಡ್ಡದಕ್ಕೆ ಬದಲಾಯಿಸೋಣ ಅಂದ್ರೆ ಮಾರುಕಟ್ಟೆ ನಮ್ಮ ಕಡೆ ಮುಖ ಮಾಡ್ತಿಲ್ಲ. 2025ರ ಕೊನೆಗೆ ಮೆಮೊರಿ ಚಿಪ್‌ಗಳ ಬೆಲೆ ಏರಿದ್ದಕ್ಕೆ ದೊಡ್ಡ ಕಾರಣ ಎಐ ಡೇಟಾ ಸೆಂಟರ್‌ಗಳ ಹಸಿವು. ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ 'ಕ್ರೂಶಿಯಲ್' ವ್ಯವಹಾರದಿಂದ ಹೊರಬರುವುದಾಗಿ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಘೋಷಿಸಿತು. ನಮ್ಮ ಕೇಂದ್ರ ಸರ್ಕಾರ 2024ರಲ್ಲಿ ಇಂಡಿಯಾ ಎಐ ಮಿಷನ್‌ಗೆ 10,372 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಎಐಗೆ ಕನ್ನಡ ಕಲಿಸೋಕೆ ನಮ್ಮದೇ ಮಾತು, ಹಾಡು ಬೇಕು. ಅವನ್ನು ಕೂಡಿಡೋ ಊರಿನವರು ಮಾತ್ರ ಡಿಸ್ಕಿಗೆ ಶೇ 18 ಜಿಎಸ್‌ಟಿ ಕಟ್ಟಬೇಕು.

ಇನ್ನು ಪ್ರಭುತ್ವ ಏನನ್ನು ಇಟ್ಕೊಳ್ಳುತ್ತೆ, ಏನನ್ನು ಅಳಿಸುತ್ತೆ? ಚುನಾವಣಾ ಫಲಿತಾಂಶ ಬಂದು 45 ದಿನಗಳೊಳಗೆ ಯಾರೂ ಕೋರ್ಟಿಗೆ ಹೋಗದಿದ್ದರೆ ಸಿಸಿಟಿವಿ, ವೆಬ್‌ಕಾಸ್ಟ್ ದೃಶ್ಯಗಳನ್ನು ನಾಶ ಮಾಡಬಹುದು ಅಂತ ಚುನಾವಣಾ ಆಯೋಗ 2025ರ ಮೇ 30ರಂದು ಸೂಚಿಸಿತು. ದೃಶ್ಯಗಳ ದುರ್ಬಳಕೆ ಆಗ್ತಿದೆ ಅನ್ನೋದು ಅದು ಕೊಟ್ಟ ಕಾರಣ. ಅಂದ್ರೆ ಡಿಸ್ಕಲ್ಲಿ ಜಾಗ ಇದೆಯೋ ಇಲ್ಲವೋ ಅನ್ನೋದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಯಾವ ನೆನಪು ಎಷ್ಟು ದಿನ ಬದುಕಬೇಕು ಅಂತ ನಿರ್ಧರಿಸೋದು ಅಧಿಕಾರ. 2022ರ ಡಿಸೆಂಬರ್‌ನಲ್ಲಿ ಧರಣಿ ಶುರು ಮಾಡಿದ ಕುಡುತಿನಿಯ ಭೂಸಂತ್ರಸ್ತ ರೈತರ ಭಾಷಣ, ಸಭೆ, ಮೆರವಣಿಗೆಗಳೆಲ್ಲ ಯಾರ್ಯಾರದೋ ಫೋನಲ್ಲಿ ಚದುರಿವೆ. ನಾಳೆ ಈ ಹೋರಾಟದ ಚರಿತ್ರೆ ಬರೆಯೋರು ಯಾವ ಫೋನ್ ಹುಡುಕಬೇಕು?

ದರೋಜಿ ಈರಮ್ಮ ಓದು ಬರಹ ಕಲಿತವರಲ್ಲ. ಬುರ್ರಕಥೆಯ ಮಹಾಕಾವ್ಯಗಳನ್ನು ತಲೆಯಲ್ಲೇ ಹೊತ್ತಿದ್ದರು. ಅವರು 2014ರಲ್ಲಿ ತೀರಿಕೊಂಡರು. ಅವರ ಕಾವ್ಯ ಪುಸ್ತಕವಾಗಿ ಉಳಿದದ್ದು ಕೂತು ಕೇಳಿ ಬರೆದುಕೊಂಡವರು ಇದ್ದದ್ದರಿಂದ. ಆ ಕೆಲಸವನ್ನು ಈಗ ಮನೆಮನೆಯ ಹುಡುಗರ ಹುಮ್ಮಸ್ಸಿಗೆ ಬಿಟ್ಟರೆ ಸಾಲದು. ನಾವು ಕಟ್ಟೋ ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ ಇದೆ. ಆ ದುಡ್ಡಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಗ್ರಂಥಾಲಯಗಳಲ್ಲಿ ಒಂದೊಂದು ಸರ್ವರ್ ಇಡಲಿ. ಊರಿನವರು ತಮ್ಮ ಒಪ್ಪಿಗೆಯ ಮೇಲೆ ಆಟ, ಹಾಡು, ಹೋರಾಟದ ದೃಶ್ಯಗಳನ್ನು ಕೊಡಲಿ. ಒಂದೂರಿನ ಪ್ರತಿ ಇನ್ನೊಂದೂರಲ್ಲೂ ಇರಲಿ. ಡಿಸ್ಕ್ ಬದಲಾಯಿಸೋ ಖರ್ಚು ಪ್ರತಿ ವರ್ಷದ ಬಜೆಟ್‌ನಲ್ಲೇ ಬರಲಿ.

ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅದೇ ಸಂದೇಶ ಮಸ್ಕಿಯಲ್ಲೂ ಇದೆ, ಬ್ರಹ್ಮಗಿರಿಯಲ್ಲೂ ಇದೆ. ಒಂದು ಕಡೆ ಅಕ್ಷರ ಸವೆದರೂ ಇನ್ನೊಂದು ಕಡೆ ಓದಬಹುದು. ಅಶೋಕನ ಹತ್ತಿರ ಸಾಮ್ರಾಜ್ಯ ಇತ್ತು, ಕೆತ್ತಿಸಿದ. ನಮ್ಮ ಹತ್ತಿರ ತೆರಿಗೆಯ ರಸೀದಿ ಇದೆ. ನಗರಸಭೆ, ಪಂಚಾಯಿತಿಯ ಮುಂದಿನ ಬಜೆಟ್ ಸಭೆಗೆ ಅದನ್ನೇ ಹಿಡಿದು ಹೋಗಿ ಕೇಳೋಣ: ನಮ್ಮ ಶೇ 6 ಎಲ್ಲಿ?