ಸೈಕಲ್ಲಿನ ವರ್ಷ, ಹತ್ತಿರದ ದಾರಿ

ಡಿಸೆಂಬರ್ ತಿಂಗಳ ಕಡೆಯ ವಾರ ಬಂತೆಂದರೆ ಸೈಕಲ್ ಸವಾರಿಯನ್ನು ರೂಢಿಸಿಕೊಂಡವರಲ್ಲಿ ಒಂದು ಬಗೆಯ ಲೆಕ್ಕಾಚಾರ ಮೊದಲಾಗುತ್ತದೆ. ಕೈಯಲ್ಲಿನ ಫೋನು ವರ್ಷವಿಡೀ ಕೂಡಿಟ್ಟ ಅಂಕಿಗಳನ್ನು ಹೊರತೆಗೆದು, ಇಷ್ಟು ಸಾವಿರ ಕಿಲೋಮೀಟರು ಸಾಗಿದ್ದಾಯಿತು, ಇಷ್ಟು ಸಾವಿರ ಅಡಿ ಏರು ಹತ್ತಿದ್ದಾಯಿತು, ಬರುವ ವರ್ಷ ಇದನ್ನು ಇಮ್ಮಡಿ ಮಾಡಬೇಕು ಎಂದು ಸಂಕಲ್ಪಿಸಿ, ಅದನ್ನು ಮಿತ್ರರಿಗೆ ತಿಳಿಸಿ, ಅವರ ಮೆಚ್ಚುಗೆಯನ್ನು ಪಡೆದು ಹೊಸ ವರ್ಷಕ್ಕೆ ಕಾಲಿಡುವುದು ಈಗ ವಾಡಿಕೆಯಾಗಿದೆ. ಈ ಉತ್ಸಾಹವನ್ನು ನಾನು ಲಘುವಾಗಿ ಕಾಣುವವನಲ್ಲ. ಮನುಷ್ಯನು ತನ್ನ ದೇಹದ ಶಕ್ತಿಯನ್ನು ತಾನೇ ಪರೀಕ್ಷಿಸಿಕೊಂಡು ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮೈಸೂರಿನಲ್ಲಿ ಒಂದು ಸಂವತ್ಸರ ಪೂರ್ತಿ ಸೈಕಲ್ಲಿನ ಮೇಲೆ ಓಡಾಡಿದ ಬಳಿಕ ನನ್ನ ಮನಸ್ಸಿನಲ್ಲಿ ದೃಢವಾಗಿ ನೆಲೆಗೊಂಡಿರುವ ಅಭಿಪ್ರಾಯವೊಂದುಂಟು. ಸವಾರನಾದವನು ದೂರವನ್ನು ಗೆಲ್ಲುವುದಕ್ಕೆ ಮುನ್ನ ಹತ್ತಿರವನ್ನು ತನ್ನದಾಗಿ ಮಾಡಿಕೊಳ್ಳಬೇಕು; ಈ ಗುರಿಯನ್ನು ಅವನೊಬ್ಬನೇ ಮುಟ್ಟಲಾರನಾದುದರಿಂದ ಅವನ ಜೊತೆಗೆ ಅವನ ಊರೂ ವರ್ಷಕ್ಕೊಂದು ಗುರಿಯನ್ನು ಇಟ್ಟುಕೊಳ್ಳಬೇಕು.

ಋತುಗಳನ್ನು ಸೈಕಲ್ ಸವಾರನು ಅರಿಯುವ ಬಗೆಯೇ ಬೇರೆ. ಕಾರಿನೊಳಗೆ ಕುಳಿತವನಿಗೆ ಮಾರ್ಚಿ ತಿಂಗಳೂ ಜುಲೈ ತಿಂಗಳೂ ಗಾಜಿನಾಚೆಯ ಸಂಗತಿಗಳು. ಸವಾರನಿಗಾದರೋ ಅವು ತೊಡೆಗೂ ಉಸಿರಿಗೂ ಸಂಬಂಧಪಟ್ಟವು. ಜನವರಿಯ ಮುಂಜಾನೆ ಕುಕ್ಕರಹಳ್ಳಿ ಕೆರೆಯ ಬದಿಯಲ್ಲಿ ಬರುವಾಗ ಬೆರಳುಗಳು ಮರಗಟ್ಟಿ ಬ್ರೇಕನ್ನು ಒತ್ತುವುದೇ ಪ್ರಯಾಸವಾಗುತ್ತದೆ. ಏಪ್ರಿಲಿನ ಮಧ್ಯಾಹ್ನ ಡಾಂಬರಿನಿಂದ ಏಳುವ ಝಳ ಮೊಣಕಾಲಿನವರೆಗೂ ತಾಕುತ್ತದೆ. ಆಷಾಢ ಬಂದಿತೆಂದರೆ ಪಡುವಣ ಗಾಳಿಯು ಹುಣಸೂರಿನ ದಾರಿ ಹಿಡಿದವನನ್ನು ಎದೆಗೆ ಕೈಯಿಟ್ಟು ತಡೆಯುತ್ತದೆ, ಅದೇ ಗಾಳಿ ಅವನು ಹಿಂದಿರುಗುವಾಗ ಬೆನ್ನಿಗೆ ನಿಂತು ಊರಿನವರೆಗೂ ತಂದು ಬಿಡುತ್ತದೆ. ಚಾಮುಂಡಿ ಬೆಟ್ಟವಂತೂ ಈ ಊರಿನ ಸವಾರರಿಗೆಲ್ಲ ಒಂದು ವ್ಯಾಯಾಮಶಾಲೆ. ಸಮುದ್ರಮಟ್ಟದಿಂದ 3,489 ಅಡಿ ಎತ್ತರವಿರುವ ಈ ಬೆಟ್ಟವು ಊರಿನ ನೆಲದಿಂದ ಮೇಲಕ್ಕೆದ್ದಿರುವುದು ಸಾವಿರ ಅಡಿಗಿಂತ ತುಸು ಕಡಮೆಯೇ ಆದರೂ, ಮೊದಲ ತಿರುವಿನಲ್ಲಿಯೇ ಜೊತೆಗಾರರ ಮಾತು ನಿಲ್ಲುತ್ತದೆ. ಚೈನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಏರುತ್ತದೆ. ಹಣೆಯ ಬೆವರು ಮೂಗಿನ ತುದಿಯಿಂದ ಹ್ಯಾಂಡಲಿನ ಮೇಲೆ ಹನಿಯುತ್ತದೆ. ಮುಂದಿನ ಮರದವರೆಗೆ ಹೋದರೆ ಸಾಕು, ಅದರ ಮುಂದಿನ ಮೈಲಿಗಲ್ಲಿನವರೆಗೆ ಹೋದರೆ ಸಾಕು ಎಂದು ಮನಸ್ಸನ್ನು ಒಪ್ಪಿಸುತ್ತ ಒಪ್ಪಿಸುತ್ತ ತುಳಿಯುತ್ತಿರುವಾಗ, ಎಡೆಯೊಂದರಲ್ಲಿ ಗಿಡಗಳು ಸರಿದು ಕೆಳಗೆ ಲಲಿತಮಹಲಿನ ಬಿಳಿಯ ಗುಮ್ಮಟ ಕಾಣಿಸಿಕೊಳ್ಳುತ್ತದೆ. ವರ್ಷದ ಆದಿಯಲ್ಲಿ ನಡುನಡುವೆ ಇಳಿದು ನಿಂತು ಸುಧಾರಿಸಿಕೊಂಡು ಹತ್ತುತ್ತಿದ್ದ ಈ ದಾರಿಯನ್ನು ಈಗ ಇಳಿಯದೆಯೇ ಹತ್ತಿ ಮುಗಿಸಬಲ್ಲೆನು. ಈ ಸಾಮರ್ಥ್ಯವು ಬಂದದ್ದು ಬೆಟ್ಟವನ್ನು ಪದೇ ಪದೇ ಹತ್ತಿದುದರಿಂದ ಎನ್ನುವುದಕ್ಕಿಂತ, ವಾರದ ಉಳಿದ ದಿನಗಳಲ್ಲಿ ಸಾಮಾನು ತರುವುದಕ್ಕೂ ಕಾಗದ ಹಾಕುವುದಕ್ಕೂ ಸೈಕಲ್ಲನ್ನೇ ಹಿಡಿದುದರಿಂದ ಎನ್ನುವುದು ಹೆಚ್ಚು ಸರಿ.

ದೀರ್ಘ ಪ್ರಯಾಣಗಳ ಸೊಗಸನ್ನು ಅಲ್ಲಗಳೆಯುವವನಲ್ಲವೆಂದು ಮೊದಲೇ ಹೇಳಿದೆನಷ್ಟೆ. ಶ್ರೀರಂಗಪಟ್ಟಣಕ್ಕೆ ಹೋಗಿ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಲ್ಲಿನ ಕಂಬಗಳ ಮೇಲೆ ಕಟ್ಟಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯ ಬಳಿ ಸೈಕಲ್ಲನ್ನು ಒರಗಿಸಿ ಕಾವೇರಿಯನ್ನು ನೋಡುತ್ತ ಕೂರುವುದು, ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಕಾಲು ತೊಳೆದು ಬಿಸಿಲೇರುವುದರೊಳಗೆ ಮನೆ ಸೇರುವುದು, ಇವು ಬಡವನಿಗೂ ಎಟುಕುವ ಯಾತ್ರೆಗಳು. ಇನ್ನೂ ದೂರಕ್ಕೆ ಹೋಗುವ ಧೀರರಿಗೆ ಫ್ರಾನ್ಸಿನಿಂದ ಬಂದಿರುವ ಬ್ರೆವೆ ಎಂಬ ಸಂಪ್ರದಾಯವಿದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 300ನ್ನು 20 ಗಂಟೆಯಲ್ಲಿ, 400ನ್ನು 27 ಗಂಟೆಯಲ್ಲಿ, 600ನ್ನು 40 ಗಂಟೆಯಲ್ಲಿ ಮುಗಿಸಬೇಕೆಂಬುದು ಅದರ ನಿಯಮ. ನವೆಂಬರಿನಿಂದ ಅಕ್ಟೋಬರಿನವರೆಗಿನ ಒಂದೇ ಅವಧಿಯಲ್ಲಿ ಈ ನಾಲ್ಕನ್ನೂ ಪೂರೈಸಿದವರಿಗೆ ಸೂಪರ್ ರಾಂಡೊನರ್ ಎಂಬ ಬಿರುದು. 1891ರಲ್ಲಿ ಮೊದಲಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1,200 ಕಿಲೋಮೀಟರಿನ ಮಹಾಪ್ರಯಾಣ ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. 2023ರಲ್ಲಿ ನಡೆದದ್ದು ಮತ್ತೆ 2027ಕ್ಕೆ. ಈ ಸಂಪ್ರದಾಯದಲ್ಲಿ ನನಗೆ ಬಹಳವಾಗಿ ಹಿಡಿಸಿರುವ ಗುಣವೆಂದರೆ ಅದರಲ್ಲಿ ಮೊದಲನೆಯವನೆಂದೂ ಕಡೆಯವನೆಂದೂ ಭೇದವಿಲ್ಲದಿರುವುದು. ಸಮಯದೊಳಗೆ ಬಂದವರೆಲ್ಲರೂ ಸಮಾನರು. ದಾರಿಯಲ್ಲಿ ಟ್ಯೂಬು ತೂತಾದರೆ ತಾನೇ ಕೂತು ತೇಪೆ ಹಾಕಿಕೊಳ್ಳಬೇಕು.

ವೇಗವನ್ನು ಗುರಿಯಾಗಿ ಇಟ್ಟುಕೊಳ್ಳುವವರಲ್ಲಿ ಮಾತ್ರ ನನ್ನದೊಂದು ಬಿನ್ನಹವಿದೆ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವನು ಚೈನಿನಿಂದ ಹಿಂದಿನ ಗಾಲಿ ತಿರುಗುವ ರೋವರ್ ಬೈಸಿಕಲ್ಲನ್ನು ಜನರ ಮುಂದಿಟ್ಟನು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರವನ್ನು ಪಡೆದನು. ಅಲ್ಲಿಂದೀಚೆಗೆ ಈ ವಾಹನದ ಮೂಲರೂಪ ಬದಲಾಗಿಲ್ಲವೆಂಬುದಕ್ಕೆ ಕಾರಣ, ಮನುಷ್ಯನ ಸಾಧಾರಣ ಬಲಕ್ಕೆ ಅದು ಅಷ್ಟು ಚೆನ್ನಾಗಿ ಹೊಂದಿಕೊಂಡಿರುವುದು. ಸಮತಟ್ಟಾದ ನೆಲದ ಮೇಲೆ ನಿಧಾನವಾಗಿ ಹೋಗುವವನಿಗೆ ಹೆಚ್ಚಿನ ತಡೆಯೇ ಇಲ್ಲ. ವೇಗ ಏರಿದಂತೆ ಗಾಳಿಯೇ ಮುಖ್ಯ ಪ್ರತಿಬಂಧಕವಾಗಿ, ವೇಗವನ್ನು ಎರಡರಷ್ಟು ಮಾಡಬೇಕಾದರೆ ಗಾಳಿಯನ್ನು ಸೀಳುವುದಕ್ಕೆ ಎಂಟರಷ್ಟು ಸಾಮರ್ಥ್ಯ ಬೇಕಾಗುತ್ತದೆ. ಪಂದ್ಯಕ್ಕೆ ಇಳಿಯುವವರು, ಉದಾಹರಣೆಗೆ ವಿಜಯಪುರ ಬಾಗಲಕೋಟೆಗಳಿಂದ ಹೊರಟು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡುತ್ತಿರುವ ತರುಣ ತರುಣಿಯರು, ಆ ಬೆಲೆಯನ್ನು ತೆತ್ತೇ ತೀರಬೇಕು. ಅದು ಅವರ ತಪಸ್ಸು. ನಮ್ಮ ನಿಮ್ಮಂಥವರಿಗೆ ಗಂಟೆಗೆ 15 ಕಿಲೋಮೀಟರಿನ ಹದವೇ ಸಾಕು. ಆ ಹದದಲ್ಲಿ 5 ಕಿಲೋಮೀಟರಿಗೆ ಹಿಡಿಯುವುದು 20 ನಿಮಿಷ. ಹೋಗಿಬರುವುದು ಸೇರಿ ದಿನಕ್ಕೆ 40 ನಿಮಿಷದಂತೆ ವಾರದಲ್ಲಿ ನಾಲ್ಕು ದಿನ ಹೀಗೆ ಓಡಾಡಿದರೆ 160 ನಿಮಿಷವಾಯಿತು; ವಯಸ್ಕರಿಗೆ ವಾರಕ್ಕೆ ಕಡಮೆಯೆಂದರೆ 150 ನಿಮಿಷದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಾತು ಬೇರೆ ಯಾವ ಏರ್ಪಾಟೂ ಇಲ್ಲದೆ ಅಲ್ಲಿಗೆ ನೆರವೇರಿತು. ತರಕಾರಿಯೂ ಮನೆಗೆ ಬಂತು.

ಹತ್ತಿರದ ದಾರಿಗಳನ್ನು ಸೈಕಲ್ಲಿನಲ್ಲಿ ಸಾಗಿದ ವರ್ಷದಲ್ಲಿ ನನಗೆ ದೊರೆತ ಲಾಭಗಳಲ್ಲಿ ಜನಪರಿಚಯವೂ ಒಂದು. ದೇವರಾಜ ಮಾರುಕಟ್ಟೆಯ ಬಳಿ ಸೈಕಲ್ಲನ್ನು ಎಲ್ಲಿ ನಿಲ್ಲಿಸಿದರೆ ಯಾರಿಗೂ ಅಡ್ಡಿಯಾಗದೆಂಬುದನ್ನು ಹೂವಿನವರು ಹೇಳಿಕೊಟ್ಟರು. ನಮ್ಮ ಬಡಾವಣೆಯ ಸೈಕಲ್ ರಿಪೇರಿಯ ಹಿರಿಯರಂತೂ ನನಗೆ ಗುರುಸ್ಥಾನದಲ್ಲಿದ್ದಾರೆ. ಅಂಗಡಿಯೆಂದರೆ ಮರದ ಕೆಳಗಿನ ಒಂದು ಪೆಟ್ಟಿಗೆ, ಒಂದು ಪಂಪು, ನೀರು ತುಂಬಿದ ಒಂದು ಹಳೆಯ ಬಾಣಲೆ, ಇಷ್ಟೆ. ಪಂಕ್ಚರ್ ಆದ ಗಾಲಿಯನ್ನು ಮುಂದಿಟ್ಟರೆ ಅವರು ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ಸವರಿ ಮುಳ್ಳು ಇನ್ನೂ ಅಲ್ಲೇ ಉಳಿದಿದೆಯೋ ಎಂದು ನೋಡುವರು. ಅನಂತರ ಟ್ಯೂಬಿಗೆ ಗಾಳಿ ತುಂಬಿ, ಬಾಣಲೆಯ ನೀರಿನಲ್ಲಿ ಗೇಣು ಗೇಣಾಗಿ ಮುಳುಗಿಸುತ್ತ, ಗುಳ್ಳೆ ಎದ್ದ ಕಡೆ ಹೆಬ್ಬೆರಳನ್ನು ಒತ್ತಿ, ಒರಸಿ, ಗುರುತು ಮಾಡಿ, ಅರದಿಂದ ತಿಕ್ಕಿ, ಸಲ್ಯೂಷನ್ ಹಚ್ಚಿ, ಅದು ಆರುವವರೆಗೂ ತೇಪೆಯನ್ನು ಕೈಯಲ್ಲೇ ಹಿಡಿದು ಕಾದಿರುವರು. ಅವಸರಪಡಿಸಿದರೆ, "ಅದು ಒಣಗ್ಲಿ ಸ್ವಾಮಿ, ಹಸೀಲಿ ಹಚ್ಚಿದ್ರೆ ಸಂಜೆಗೇ ಮತ್ತೆ ಬರ್ತೀರಿ" ಎನ್ನುವರು. ಮಳೆಗಾಲದಲ್ಲಿ ಚೈನನ್ನು ಒರಸಿ ಎಣ್ಣೆ ಬಿಡಬೇಕೆಂಬುದನ್ನೂ, ಬೆಟ್ಟವಿಳಿದು ಬಂದವನು ಬ್ರೇಕಿನ ಕಟ್ಟೆ ಎಷ್ಟು ಸವೆದಿದೆಯೆಂದು ನೋಡದೆ ಮರುದಿನ ಹೊರಡಬಾರದೆಂಬುದನ್ನೂ ನಾನು ಕಲಿತದ್ದು ಅವರಿಂದ. ಇಂಥ ಅಂಗಡಿಗಳು ವರ್ಷ ವರ್ಷಕ್ಕೆ ವಿರಳವಾಗುತ್ತಿವೆ. ಹತ್ತಿರದ ಕೆಲಸಕ್ಕೆ ಸೈಕಲ್ಲನ್ನು ಹಿಡಿಯುವವರು ಹೆಚ್ಚಿದರಲ್ಲದೆ ಅವು ಉಳಿಯುವ ಬಗೆಯಿಲ್ಲ. ಭಾನುವಾರಕ್ಕೊಮ್ಮೆ ನೂರು ಕಿಲೋಮೀಟರು ಹೋಗಿಬರುವವರ ಬೆಲೆಬಾಳುವ ಸೈಕಲ್ಲುಗಳಿಂದ ಈ ಹಿರಿಯರ ಒಲೆ ಉರಿಯದು.

ಈಗ ಊರಿನ ಮಾತು. ಪುರಸಭೆಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಲೈಸೆನ್ಸಿನ ಬಿಲ್ಲೆ ಪಡೆಯಬೇಕಾಗಿದ್ದ, ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಈಗಲೂ ನೆನೆಯುವುದುಂಟು. ಪ್ರಾಧ್ಯಾಪಕರೂ ಗುಮಾಸ್ತರೂ ಹಾಲಿನವರೂ ಒಂದೇ ಬಗೆಯ ವಾಹನದ ಮೇಲೆ ಎದುರುಬದುರಾಗುತ್ತಿದ್ದ ಊರು ಇದು. 2017ರ ಜೂನ್ ತಿಂಗಳಲ್ಲಿ, ದೇಶದಲ್ಲಿಯೇ ಮೊದಲನೆಯದೆಂದು ಹೆಸರಾದ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ 48 ನಿಲ್ದಾಣಗಳೊಂದಿಗೂ 450 ಸೈಕಲ್ಲುಗಳೊಂದಿಗೂ ಇಲ್ಲಿ ಆರಂಭವಾದುದು ತಕ್ಕುದೇ ಆಗಿತ್ತು. ಆದರೆ ಸೈಕಲ್ಲನ್ನು ಕೊಟ್ಟಮಾತ್ರಕ್ಕೆ ದಾರಿಯನ್ನು ಕೊಟ್ಟಂತಾಗಲಿಲ್ಲ. ಮೊದಲ ಬಾರಿಗೆ ಸೈಕಲ್ ಹತ್ತಿದ ವಿದ್ಯಾರ್ಥಿನಿಯೊಬ್ಬಳು ನಾಲ್ಕು ರಸ್ತೆ ಕೂಡುವ ವೃತ್ತದಲ್ಲಿ ಬಸ್ಸಿಗೂ ಆಟೋರಿಕ್ಷಾಕ್ಕೂ ನಡುವೆ ಸಿಕ್ಕಿಕೊಂಡಳೆಂದರೆ, ಮಾರನೆಯ ದಿನ ಅವಳ ತಂದೆತಾಯಿಗಳು ಸ್ಕೂಟರಿಗೆ ಹಣ ಹೊಂದಿಸುತ್ತಾರೆ, ಅವರನ್ನು ದೂರುವಂತಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟಗಳನ್ನು ನೆಟ್ಟು ಸೈಕಲ್ಲಿಗಾಗಿ ಪಥವೊಂದನ್ನು ಬೇರ್ಪಡಿಸಿದರು, ಗೂಟಗಳು ಬಾಳಲಿಲ್ಲ. ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಮೋಟಾರಿಲ್ಲದ ವಾಹನಗಳನ್ನೂ ನಿಷೇಧಿಸಲಾಗಿದೆ. ಪ್ರಾಣರಕ್ಷಣೆಯ ದೃಷ್ಟಿಯಿಂದ ಈ ನಿಷೇಧವನ್ನು ನಾನು ಒಪ್ಪುತ್ತೇನೆ. ಹಾಗೆ ಹೊರಗಿಟ್ಟವರಿಗೆ ಪಕ್ಕದ ದಾರಿಯನ್ನಾದರೂ ಎಲ್ಲಿಯೂ ಕಡಿಯದಂತೆ, ಹೊಂಡವಿಲ್ಲದಂತೆ ಒದಗಿಸಿಕೊಡುವುದು ಸರ್ಕಾರದ ಧರ್ಮವೆಂದೂ ಅಷ್ಟೇ ದೃಢವಾಗಿ ಹೇಳುತ್ತೇನೆ.

ಈ ವಿಷಯದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಶಾಲೆಯ ಮಕ್ಕಳ ಸೈಕಲ್ಲು. 2006–07ರಲ್ಲಿ ಮೊದಲಾದ ಯೋಜನೆಯಿಂದ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ದೊರೆಯಿತು. ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿಯಬೇಕಾಗಿದ್ದ, ಅದೂ ಮನೆಯವರು ಬೈಯದಿದ್ದರೆ ಮಾತ್ರ ಕಲಿಯಬಹುದಾಗಿದ್ದ ಹಳ್ಳಿಯ ಹುಡುಗಿಯರು ತಮ್ಮದೇ ಹೊಸ ಸೈಕಲ್ಲಿನ ಮೇಲೆ, ಕ್ಯಾರಿಯರಿಗೆ ಚೀಲ ಸಿಕ್ಕಿಸಿ, ಸಾಲಾಗಿ ಪಕ್ಕದೂರಿನ ಶಾಲೆಗೆ ಹೋಗುವುದನ್ನು ತಿ. ನರಸೀಪುರದ ದಾರಿಯಲ್ಲಿ ನೋಡಿದವರು ಅದನ್ನು ಮರೆಯಲಾರರು. ಕೋವಿಡ್ ಬಂದ ಕಾಲಕ್ಕೆ ಈ ವಿತರಣೆ ನಿಂತಿತು. ಶಾಲೆ ನಾಲ್ಕೈದು ಕಿಲೋಮೀಟರು ದೂರವಿರುವ, ಬಸ್ಸಿನ ವೇಳೆ ತರಗತಿಯ ವೇಳೆಗೆ ಹೊಂದದ ಊರುಗಳಲ್ಲಿ ಹುಡುಗಿ ಓದು ಮುಂದುವರಿಸುವಳೋ ಬಿಡುವಳೋ ಎಂಬುದು ಎಷ್ಟೋ ವೇಳೆ ಈ ಒಂದು ವಾಹನವನ್ನು ಅವಲಂಬಿಸಿರುತ್ತದೆ. ಸೈಕಲ್ಲಿನ ಮೇಲಣ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿಸಿದ್ದಾರೆ, ಒಳ್ಳೆಯದಾಯಿತು. ಆದರೆ ಬೆಲೆಯಲ್ಲಿ ಕೆಲವು ನೂರು ರೂಪಾಯಿ ತಗ್ಗಿದರೂ ಕೊಳ್ಳಲಾರದ ಮನೆಗಳು ಬಹಳ ಇವೆ. ಆ ಮನೆಗಳ ಮಕ್ಕಳಿಗೆ ಪ್ರತಿವರ್ಷವೂ, ಶಾಲೆ ತೆರೆಯುವ ಜೂನ್ ತಿಂಗಳಲ್ಲಿಯೇ, ತಪ್ಪದೆ ಸೈಕಲ್ಲು ಕೈಸೇರುವಂತೆ ಮಾಡುವುದು ರಾಜ್ಯವು ಇಟ್ಟುಕೊಳ್ಳಬಹುದಾದ ಅತ್ಯುತ್ತಮ ಗುರಿ.

ನನ್ನ ಸ್ವಂತದ ಸಂಕಲ್ಪಗಳು ದೊಡ್ಡವೇನಲ್ಲ. ಮನೆಯಿಂದ ಐದು ಕಿಲೋಮೀಟರಿನೊಳಗಿನ ಯಾವ ಕೆಲಸಕ್ಕೂ, ಧಾರಾಕಾರವಾದ ಮಳೆ ಸುರಿಯುತ್ತಿದ್ದರೆ ಹೊರತು, ಮೋಟಾರು ವಾಹನವನ್ನು ಮುಟ್ಟಬಾರದು. ಮುಂದಿನ ನವೆಂಬರಿನಲ್ಲಿ 200 ಕಿಲೋಮೀಟರಿನ ಬ್ರೆವೆಯನ್ನು ಸಮಯದೊಳಗೆ ಮುಗಿಸಬೇಕು. ನೆರೆಹೊರೆಯ ಮಕ್ಕಳಲ್ಲಿ ಸೈಕಲ್ ಬಾರದವರಿಗೆ, ಹಾಗೆಯೇ ಕಲಿಯಬೇಕೆಂಬ ಆಸೆಯಿದ್ದೂ ಸಂಕೋಚದಿಂದ ಹಿಂಜರಿಯುತ್ತಿರುವ ತಾಯಂದಿರಿಗೆ, ಭಾನುವಾರದ ಬೆಳಗಿನಲ್ಲಿ ಮೈದಾನಕ್ಕೆ ಕರೆದೊಯ್ದು ಕಲಿಸಬೇಕು. ಇವುಗಳಲ್ಲಿ ಮೂರನೆಯದಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ, ಏಕೆಂದರೆ ಕಲಿತವರು ರಸ್ತೆಗೆ ಇಳಿದಷ್ಟೂ ರಸ್ತೆಯನ್ನು ಸರಿಪಡಿಸಬೇಕೆಂಬ ಒತ್ತಾಯಕ್ಕೆ ಬಲ ಬರುತ್ತದೆ.

ನಗರಪಾಲಿಕೆಯ ಮುಂದಿನ ಸಾಲಿನ ಆಯವ್ಯಯ ಏಪ್ರಿಲಿಗೆ ಮುನ್ನ ಸಿದ್ಧವಾಗಬೇಕು. ಇಡೀ ನಗರಕ್ಕೆ ಸೈಕಲ್ ಪಥವೆಂಬ ಭವ್ಯ ನಕ್ಷೆಯನ್ನು ಯಾರೂ ಕೇಳಬೇಕಾಗಿಲ್ಲ. ಪ್ರತಿಯೊಂದು ಬಡಾವಣೆಯಲ್ಲಿಯೂ ಮನೆಗಳಿಂದ ಹತ್ತಿರದ ಶಾಲೆಗೆ ಹೋಗುವ ಒಂದೇ ಒಂದು ರಸ್ತೆಯನ್ನು ಆರಿಸಿ, ಅದರ ಹೊಂಡಗಳನ್ನು ಮುಚ್ಚಿಸಿ, ತಿರುವುಗಳಲ್ಲಿ ಉಬ್ಬು ಹಾಕಿಸಿ, ಶಾಲೆ ಬಿಡುವ ವೇಳೆಯಲ್ಲಿ ವಾಹನ ನಿಲ್ಲಿಸದಂತೆ ಮಾಡಿ, ಹತ್ತು ವರ್ಷದ ಮಗು ಸೈಕಲ್ಲಿನಲ್ಲಿ ಒಬ್ಬಂಟಿಯಾಗಿ ಹೋಗಿಬರುವುದಕ್ಕೆ ಯೋಗ್ಯವಾಗಿಸಿಕೊಡಿ ಎಂದು ಕೇಳಿದರೆ ಸಾಕು. ಸೈಕಲ್ ತುಳಿಯುವವರೂ, ತುಳಿಯಬೇಕೆಂದಿರುವವರೂ, ಮಕ್ಕಳನ್ನು ದಿನವೂ ಸ್ಕೂಟರಿನಲ್ಲಿ ಬಿಟ್ಟುಬಂದು ಬೇಸತ್ತಿರುವವರೂ ತಮ್ಮ ಬಡಾವಣೆಯ ಅಂಥ ರಸ್ತೆ ಯಾವುದೆಂಬುದನ್ನು ಗೊತ್ತುಮಾಡಿ, ಅದರ ಹೆಸರನ್ನು ಬರೆದು, ನೆರೆಯವರ ರುಜುಗಳೊಡನೆ ಈ ಜನವರಿಯೊಳಗೆ ಪಾಲಿಕೆಯ ಕಚೇರಿಗೆ ಮುಟ್ಟಿಸಬೇಕೆಂದು ಪ್ರಾರ್ಥಿಸುತ್ತೇನೆ.