ನೆರೆ ಇಳಿದ ಮೇಲಿನ ದಾನ, ನೆರೆಗೆ ಮುಂಚಿನ ಮೌನ

ನೆರೆ ಬಂದಾಗ ನಮ್ಮ ಸಮುದಾಯ ಹಿಂದೆ ಬೀಳುವುದಿಲ್ಲ. ಯುವಕರು ಸೊಂಟದೆತ್ತರದ ನೀರಿಗೆ ಇಳಿಯುತ್ತಾರೆ, ಮದ್ರಸಗಳ ಬಾಗಿಲು ತೆರೆಯುತ್ತದೆ, ಅಕ್ಕಿ-ಬೇಳೆಯ ಕಿಟ್‌ಗಳು ಲಾರಿಯೇರುತ್ತವೆ. 2019ರ ಆಗಸ್ಟ್‌ನಲ್ಲಿ ಕೇರಳದ ಕವಳಪ್ಪಾರದಲ್ಲಿ ಗುಡ್ಡ ಕುಸಿದಾಗ ಪೋತ್ತುಕಲ್ಲಿನ ಮಸೀದಿಯು ಮೃತರ ಶವಪರೀಕ್ಷೆಗಾಗಿ ತನ್ನ ಒಂದು ಭಾಗವನ್ನೇ ಬಿಟ್ಟುಕೊಟ್ಟಿತು. ಅದನ್ನು ನೆನೆದು ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ಆದರೆ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಮಳೆ ಸುರಿಯುವ ಮೊದಲು ನಮ್ಮ ಮಹಲ್ಲಾದಲ್ಲಿ ಯಾರ ಮನೆ ಗುಡ್ಡದ ಬುಡದಲ್ಲಿದೆ, ಯಾರು ಏಳಲಾಗದೆ ಹಾಸಿಗೆ ಹಿಡಿದಿದ್ದಾರೆ ಎಂಬುದು ನಮ್ಮ ಎಷ್ಟು ಜಮಾಅತ್‌ಗಳಿಗೆ ಗೊತ್ತಿದೆ?

ಹವಾಮಾನ ತಜ್ಞರು ಇದನ್ನು ದುರ್ಬಲತೆಯ ಮೌಲ್ಯಮಾಪನ ಎನ್ನುತ್ತಾರೆ. ಹೆಸರು ದೊಡ್ಡದಾದರೂ ವಿಷಯ ಸರಳ. ಆಪತ್ತು ಎಲ್ಲಿ ಬಡಿಯುತ್ತದೆ, ಅದು ಯಾರನ್ನು ಹೆಚ್ಚು ನೋಯಿಸುತ್ತದೆ, ನೊಂದವರಲ್ಲಿ ಮತ್ತೆ ಎದ್ದು ನಿಲ್ಲುವ ಶಕ್ತಿ ಯಾರಿಗಿಲ್ಲ ಎಂದು ಮುಂಚಿತವಾಗಿ ಅರಿಯುವುದು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2022ರ ವರದಿಯ ಪ್ರಕಾರ, 2010ರಿಂದ 2020ರ ನಡುವೆ ನೆರೆ, ಬರ ಮತ್ತು ಬಿರುಗಾಳಿಗಳಿಂದ ಸಂಭವಿಸಿದ ಸಾವಿನ ಪ್ರಮಾಣವು ಅತಿ ದುರ್ಬಲ ಪ್ರದೇಶಗಳಲ್ಲಿ ಸುಭದ್ರ ಪ್ರದೇಶಗಳಿಗಿಂತ 15 ಪಟ್ಟು ಹೆಚ್ಚಾಗಿತ್ತು. ಇದನ್ನು ನಮ್ಮ ಕಣ್ಣೆದುರೇ ಕಂಡದ್ದು 2024ರ ಹಜ್ಜ್‌ನಲ್ಲಿ. ಮಕ್ಕಾದಲ್ಲಿ ಉಷ್ಣಾಂಶ 50 ಡಿಗ್ರಿ ದಾಟಿತು. ಮೃತಪಟ್ಟ ಯಾತ್ರಿಕರು 1,301 ಎಂದು ಸೌದಿ ಸರಕಾರ ತಿಳಿಸಿತು, ಅವರಲ್ಲಿ ಶೇ. 83 ಮಂದಿ ಅನುಮತಿಪತ್ರವಿಲ್ಲದವರು. ನೆರಳಾಗಲಿ ತಂಗುದಾಣವಾಗಲಿ ಇಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಒಂದೇ ಇಹ್ರಾಮ್, ಒಂದೇ ಸೂರ್ಯ. ಆದರೂ ಸಾವು ಸಮಾನವಾಗಿ ಹಂಚಿಕೆಯಾಗಲಿಲ್ಲ.

ಇಷ್ಟು ಹೇಳಿದೊಡನೆ ಕೆಲವರು ವಿಧಿಯ ಮಾತೆತ್ತುತ್ತಾರೆ. ಎಲ್ಲವೂ ಅಲ್ಲಾಹನ ನಿರ್ಣಯವಾಗಿರುವಾಗ ಈ ಲೆಕ್ಕಾಚಾರಗಳೇಕೆ ಎಂಬುದು ಅವರ ವಾದ. ಈ ವಾದಕ್ಕೆ ಉತ್ತರ ಹೊಸದೇನಲ್ಲ. ಶಾಮ್‌ಗೆ ಹೊರಟಿದ್ದ ಖಲೀಫ ಉಮರ್(ರ), ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ, ಸಂಗಾತಿಗಳೊಂದಿಗೆ ಸಮಾಲೋಚಿಸಿ, ಸರ್ಗ್ ಎಂಬಲ್ಲಿಂದ ಹಿಂದಿರುಗಲು ತೀರ್ಮಾನಿಸಿದರು. ಇದು ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಹಿಂದಿರುಗುವುದೂ ಅಲ್ಲಾಹನ ವಿಧಿಯೊಳಗೇ ಇದೆಯೆಂಬುದು ಅವರ ಉತ್ತರವಾಗಿತ್ತು. ಯೂಸುಫ್(ಅ)ರು ಬರಗಾಲಕ್ಕೆ ಏಳು ವರ್ಷ ಮೊದಲೇ ಧಾನ್ಯವನ್ನು ತೆನೆಯಲ್ಲೇ ಉಳಿಸುವಂತೆ ಸೂಚಿಸಿದರು. ಅದು ತವಕ್ಕುಲ್‌ಗೆ ವಿರುದ್ಧವೆಂದು ಯಾರಾದರೂ ಹೇಳಿಯಾರೇ? ಸೋಮಾರಿತನಕ್ಕೆ ಈಮಾನಿನ ಅಂಗಿ ತೊಡಿಸುವುದನ್ನು ನಾವು ನಿಲ್ಲಿಸಬೇಕು.

ಬಡ ರಾಷ್ಟ್ರವೊಂದು ಇದನ್ನು ಮಾಡಿ ತೋರಿಸಿದೆ. ಇಂದಿನ ಬಾಂಗ್ಲಾದೇಶದ ಕರಾವಳಿಗೆ 1970ರಲ್ಲಿ ಅಪ್ಪಳಿಸಿದ ಚಂಡಮಾರುತಕ್ಕೆ ಬಲಿಯಾದವರು ಕನಿಷ್ಠ ಮೂರು ಲಕ್ಷ. 1991ರಲ್ಲಿ ಸುಮಾರು 1,38,000. 2007ರ ಸಿದ್ರ್ ಚಂಡಮಾರುತದಲ್ಲಿ, ಅಧಿಕೃತ ಲೆಕ್ಕದ ಪ್ರಕಾರ, ಸುಮಾರು 3,400. ಆ ನಡುವೆ ಬದಲಾದದ್ದು ಸಮುದ್ರವಲ್ಲ. ರೆಡ್ ಕ್ರೆಸೆಂಟ್ ಜೊತೆಗೂಡಿ ಸರಕಾರವು ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರನ್ನು ತರಬೇತುಗೊಳಿಸಿತು, ಎತ್ತರದ ಆಶ್ರಯಧಾಮಗಳನ್ನು ಕಟ್ಟಿತು. ಮುನ್ನೆಚ್ಚರಿಕೆ ಸಾರಲು ಕೈಮೈಕುಗಳ ಜೊತೆ ಮಸೀದಿಗಳ ಧ್ವನಿವರ್ಧಕಗಳೂ ಬಳಕೆಯಾದವು.

ಅದಕ್ಕಿಂತ ದೊಡ್ಡ ಪಾಠ 1991ರ ಸಾವುಗಳಲ್ಲಿದೆ. ಅಂದು ಸತ್ತವರಲ್ಲಿ ಮಹಿಳೆಯರ ಪ್ರಮಾಣ ಪುರುಷರಿಗಿಂತ ಬಹಳ ಹೆಚ್ಚಾಗಿತ್ತು. ಗಂಡ ಬರಲೆಂದು ಮನೆಯಲ್ಲೇ ಕಾದವರು, ಮಕ್ಕಳನ್ನು ಬಿಟ್ಟು ಹೊರಡಲಾಗದವರು, ಪರಪುರುಷರು ತುಂಬಿದ ಆಶ್ರಯಧಾಮಕ್ಕೆ ಹೋಗಲು ಸಂಕೋಚಪಟ್ಟವರು. ಅವರು ಲಜ್ಜೆಯಿಂದ ಸತ್ತರು ಎನ್ನುವುದು ತಪ್ಪು. ಅವರ ಲಜ್ಜೆಗೆ ತಕ್ಕ ಕೋಣೆ, ಶೌಚಾಲಯ ಬೇಕೆಂದು ಯೋಚಿಸದ ವ್ಯವಸ್ಥೆಯಿಂದ ಸತ್ತರು. ಬಳಿಕ ಆಶ್ರಯಧಾಮಗಳಲ್ಲಿ ಪ್ರತ್ಯೇಕ ಕೋಣೆಗಳು ಬಂದವು. ಇಂದು ಅಲ್ಲಿನ ಸುಮಾರು 76,000 ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು.

ಈಗ ನಮ್ಮ ಜಮಾಅತ್‌ಗಳ ದಫ್ತರ ತೆರೆದು ನೋಡೋಣ. ಅದರಲ್ಲಿರುವುದು ಬಹುತೇಕ ಮಾಸಿಕ ವಂತಿಗೆ ನೀಡುವ ಯಜಮಾನರ ಹೆಸರುಗಳು. ಬಾಡಿಗೆ ಮನೆಯ ವಿಧವೆ ಅದರಲ್ಲಿಲ್ಲ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಬಾರಿ ಪಟ್ಟಣಕ್ಕೆ ಹೋಗಲೇಬೇಕಾದವರು ಅದರಲ್ಲಿಲ್ಲ. ತಗಡಿನ ಶೆಡ್ಡಿನಲ್ಲಿ ಮಲಗುವ ಬಿಹಾರ, ಬಂಗಾಳದ ಕಾರ್ಮಿಕನಂತೂ ಜುಮಾದಲ್ಲಿ ನಮ್ಮ ಪಕ್ಕದ ಸಾಲಿನಲ್ಲೇ ನಿಂತರೂ ಅದರಲ್ಲಿಲ್ಲ. ವಂತಿಗೆಯ ಪಟ್ಟಿಯೇ ಕಿಟ್ ಹಂಚುವ ಪಟ್ಟಿಯಾದರೆ ತೀರಾ ದುರ್ಬಲನ ಕೈಗೆ ಏನೂ ತಲುಪದು. ಮದೀನಾದ ಬರಗಾಲದಲ್ಲಿ ಉಮರ್(ರ) ಊಟಕ್ಕೆ ಬಂದವರನ್ನು ಮಾತ್ರ ಎಣಿಸಿ ಸುಮ್ಮನಾಗಲಿಲ್ಲ. ಬರಲಾಗದ ರೋಗಿಗಳನ್ನೂ ಮಕ್ಕಳನ್ನೂ ಎಣಿಸಲು ಆಜ್ಞಾಪಿಸಿದರೆಂದು ಇಬ್ನು ಸಅದ್ ದಾಖಲಿಸಿದ್ದಾರೆ. ಬಾರದವರನ್ನು ಎಣಿಸುವುದೇ ನಿಜವಾದ ಮೌಲ್ಯಮಾಪನ.

ಇದು ಸರಕಾರದ ಹೊಣೆಯಲ್ಲವೇ? ಹೌದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಪ್ರತಿ ಜಿಲ್ಲೆಗೂ ಯೋಜನೆ ಇರಬೇಕೆಂದು ವಿಧಿಸಿದೆ. ಆದರೆ ನಮ್ಮಲ್ಲೇ ಮಾಹಿತಿ ಇಲ್ಲದಿದ್ದರೆ ಜಿಲ್ಲಾಡಳಿತದ ಮುಂದೆ ಯಾವ ಬೇಡಿಕೆಯಿಡುವುದು? ಮೇ ತಿಂಗಳಲ್ಲಿ ಹತ್ತು ಯುವಕರು, ಅವರ ಜೊತೆ ಅಗತ್ಯವಾಗಿ ಹತ್ತು ಮಹಿಳೆಯರು, ಮಹಲ್ಲಾದ ಪ್ರತಿ ಮನೆಗೆ ಹೋದರೆ ಕೆಲವೇ ದಿನಗಳ ಕೆಲಸ. ಮಹಿಳೆಯರು ಯಾಕೆಂದರೆ, ಒಳಮನೆಯ ಸಂಕಟ ಜಗಲಿಯಲ್ಲಿ ಕುಳಿತು ಕೇಳಿದರೆ ತಿಳಿಯುವಂಥದ್ದಲ್ಲ. ಎಣಿಕೆಯು ಧರ್ಮದ ಗಡಿಯಲ್ಲಿ ನಿಲ್ಲಬಾರದು. 2022ರ ಆಗಸ್ಟ್‌ನಲ್ಲಿ ಭಟ್ಕಳದಲ್ಲಿ ಒಂದೇ ರಾತ್ರಿ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಪೇಟೆ ಮುಳುಗಿದಾಗ, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಮಣ್ಣಿನಡಿ ಸಿಲುಕಿ ಅಸುನೀಗಿದ ಒಂದೇ ಮನೆಯ ನಾಲ್ವರು ನಮ್ಮ ಹಿಂದೂ ಸಹೋದರರು. ನೆರೆಯವನ ಹಕ್ಕನ್ನು ಕಲಿಸಿದ ಪ್ರವಾದಿ(ಸ)ಯವರು ಆ ನೆರೆಯವನು ಯಾವ ಧರ್ಮದವನೆಂದು ಷರತ್ತು ಹಾಕಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಉಲಮಾಗಳೂ ಗಮನಿಸಬೇಕು. ನೀರು ಇಳಿದ ಮರುವಾರ ಬಡವನ ಮನೆಬಾಗಿಲಿಗೆ ಬರುವವನು ಬಡ್ಡಿ ಸಾಲದವನು. ಕೆಟ್ಟ ಹೊಲಿಗೆ ಯಂತ್ರ, ಕೊಚ್ಚಿಹೋದ ಆಡು, ನೆನೆದ ಗೂಡಂಗಡಿ, ಇವುಗಳನ್ನು ಕಿಟ್ ಮರಳಿಸುವುದಿಲ್ಲ. ಖುತ್ಬಾದಲ್ಲಿ ಬಡ್ಡಿ ಹರಾಮ್ ಎಂದು ಹೇಳಿ, ಆಪತ್ಕಾಲಕ್ಕೆ ಬಡ್ಡಿರಹಿತ ಸಾಲ ನೀಡುವ ಬೈತುಲ್ ಮಾಲನ್ನು ಖಾಲಿ ಬಿಟ್ಟಿರುವ ಊರುಗಳಿಗೆ ಆ ಬಡವನನ್ನು ದೂರುವ ಯಾವ ಅಧಿಕಾರವಿದೆ?

ಹಲವೆಡೆ ಮಸೀದಿಗಳಿಗೆ ಹೊಸ ಅಮೃತಶಿಲೆ, ಹವಾನಿಯಂತ್ರಕಗಳು ಬರುತ್ತಿವೆ. ಈ ಬಾರಿ ಮಳೆಗಾಲಕ್ಕೆ ಮುನ್ನ ಸೇರುವ ಮಹಾಸಭೆಯಲ್ಲಿ ಜಮಾಬಂದಿ ಓದಿ ಮುಗಿದ ಬಳಿಕ ಯಾರಾದರೊಬ್ಬರು ಎದ್ದು ಕೇಳಲಿ: ನೀರು ಏರಿದರೆ ಹಾಸಿಗೆ ಹಿಡಿದವರನ್ನು ಎತ್ತಿ ತರುವ ನಾಲ್ವರು ಯಾರು, ಅವರ ಬಳಿ ಆ ಮನೆಗಳ ಪಟ್ಟಿ ಇದೆಯೇ?