ನೆಲದಡಿಯ ದಾರಿ ಯಾರಿಗೆ?

ಹಾನಗಲ್ಲ ತಾಲ್ಲೂಕಿನ ಆಡೂರಿನಲ್ಲಿ ಕುಳಿತು ಬೆಂಗಳೂರಿನ ಸುರಂಗಗಳ ವಿಚಾರವನ್ನೇಕೆ ಎತ್ತಬೇಕೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಆ ನಗರದ ನೆಲದಡಿ ವ್ಯಯವಾಗುವ ಧನದಲ್ಲಿ ನಮ್ಮ ಸೀಮೆಯ ಒಕ್ಕಲಿಗನ ಪಾಲೂ ಇದೆ; ಮೇಲಾಗಿ, ಕೂಲಿಗೊ ಓದಿಗೊ ಆಸ್ಪತ್ರೆಗೊ ಹಾವೇರಿಯಲ್ಲಿ ರೈಲು ಹತ್ತಿ, ರಾತ್ರಿಯೆಲ್ಲ ಪಯಣಿಸಿ, ಗಂಟುಮೂಟೆಯೊಡನೆ ಮೆಜೆಸ್ಟಿಕ್ಕಿನಲ್ಲಿ ಇಳಿಯುವ ನಮ್ಮವರಿಗೆ ಊರೊಳಗೆ ಮುಂದುವರಿಯಲು ಆ ಸುರಂಗಗಳಲ್ಲಿ ಓಡುವ ಮೆಟ್ರೊ ರೈಲು ದೊಡ್ಡ ಆಸರೆ.

ಡೇರಿ ವೃತ್ತದಿಂದ ನಾಗವಾರದವರೆಗಿನ 13.76 ಕಿಲೋಮೀಟರ್ ಮೆಟ್ರೊ ಸುರಂಗಮಾರ್ಗವನ್ನು ಕೊರೆಯಲು 2020ರಿಂದ 2024ರ ಅಕ್ಟೋಬರ್‌ವರೆಗೆ ಒಂಬತ್ತು ಯಂತ್ರಗಳು ದುಡಿದುವು. ಅವುಗಳಲ್ಲೊಂದಕ್ಕೆ, ನಮ್ಮ ಹಾನಗಲ್ಲ ಸೀಮೆಯಲ್ಲಿ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುವ ವರದೆಯ ಹೆಸರನ್ನಿಟ್ಟಿದ್ದರು. ಅದನ್ನು ಓದಿದಾಗ ನನಗೆ ಸಂತೋಷವಾಯಿತು. ಇಂಥ ಯಂತ್ರದ ಮುಂದಿನ ಚಕ್ರ ಶಿಲೆಯನ್ನು ಅರೆಯುತ್ತ ಮುಂದೆ ಸರಿದಂತೆ, ಹಿಂದೆ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ಬಳೆಯನ್ನು ಪೂರೈಸಿ, ಬಳೆಗೂ ಮಣ್ಣಿಗೂ ನಡುವೆ ಉಳಿದ ಸಂದಿಯಲ್ಲಿ ಗಾರೆಯನ್ನು ಒತ್ತಿ ತುಂಬುತ್ತಾರೆ. ಬೆಂಗಳೂರಿನ ನೆಲವಾದರೊ ಏಕರೂಪವಾದುದಲ್ಲ. ಒಂದೇ ಚಕ್ರದ ಮುಖಕ್ಕೆ ಒಂದು ಮಗ್ಗುಲಲ್ಲಿ ಕರ್ಗಲ್ಲೂ ಇನ್ನೊಂದು ಮಗ್ಗುಲಲ್ಲಿ ಸಡಿಲ ಮಣ್ಣೂ ಎದುರಾಗುತ್ತವೆ. ಮೆಟ್ರೊದ ಮೊದಲ ಹಂತದಲ್ಲಿ ಗೋದಾವರಿಯೆಂಬ ಯಂತ್ರ ತಿಂಗಳುಗಟ್ಟಲೆ ಕೆಟ್ಟು ನಿಂತಿತು. 2023ರ ಜನವರಿಯಲ್ಲಿ, ನಾಗವಾರದ ಸುರಂಗವನ್ನು ಕೊರೆಯುತ್ತಿದ್ದಾಗ, ಬ್ರಿಗೇಡ್ ರಸ್ತೆಯೇ ಒಂದೆಡೆ ಕುಸಿದು ಬಾಯ್ದೆರೆಯಿತು.

ಇಷ್ಟು ಕಷ್ಟದಿಂದ, ಇಷ್ಟು ವೆಚ್ಚದಿಂದ ಕೊರೆದ ದಾರಿ ಬಹುಜನರಿಗೆ ಸಲ್ಲತಕ್ಕದ್ದು. 2017ರ ಜೂನಿನಲ್ಲಿ ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆಗಳ ಕೆಳಗೆ ರೈಲು ಓಡತೊಡಗಿದಾಗ, ಎತ್ತರದ ಸೇತುವೆಗೆ ಎಡೆಯಿಲ್ಲದ ಆ ಇಕ್ಕಟ್ಟಿನ ಪೇಟೆಬೀದಿಗಳಿಗೂ ಸಾಮಾನ್ಯನು ಸಲೀಸಾಗಿ ಹೋಗಿಬರುವಂತಾಯಿತು. ಲಂಡನ್ನಿನಲ್ಲಿ 1863ರಲ್ಲಿ, ಕಲ್ಕತ್ತೆಯಲ್ಲಿ 1984ರಲ್ಲಿ ನೆಲದಡಿ ರೈಲು ಓಡತೊಡಗಿದ್ದೂ ಇದೇ ಉದ್ದೇಶದಿಂದ.

ಆದರೆ ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗರಸ್ತೆಯನ್ನು ಮುಖ್ಯವಾಗಿ ಕಾರುಗಳಿಗಾಗಿ ಕೊರೆಯುವ ಯೋಜನೆ ಸರಕಾರದ ಮುಂದಿದೆ. ಆರು ಬೋಗಿಗಳ ಒಂದು ರೈಲು ಸಾವಿರಕ್ಕೂ ಮಿಕ್ಕ ಜನರನ್ನು ಒಯ್ಯುವಲ್ಲಿ, ಒಬ್ಬಿಬ್ಬರು ಕುಳಿತ ಕಾರುಗಳ ಸಾಲಿಗೆ ಅದೇ ಭೂಗರ್ಭವನ್ನು ಬಿಟ್ಟುಕೊಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಒಂದು ಸುರಂಗದ ಬಾಯಿಂದ ಹೊರಬಿದ್ದ ಕಾರುಗಳೆಲ್ಲ ಮತ್ತೆ ಅದೇ ಕಿಕ್ಕಿರಿದ ರಸ್ತೆಗೇ ಬರಬೇಕಷ್ಟೆ. ಇತ್ತ 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದಿನಗೂಲಿಯವನಿಗೆ ಒಂದು ಸಲ ಹೋಗಲೇ ಅಷ್ಟಾದರೆ ಅವನು ಮೆಟ್ಟಿಲಿಳಿಯದೆ ಬಸ್ಸಿನ ಸಾಲಿನಲ್ಲಿಯೇ ನಿಲ್ಲುತ್ತಾನೆ. ಯಾರ ಸಲುವಾಗಿ ಬಂಡೆಯನ್ನು ಸೀಳಿದರೊ ಅವನೇ ಹೊರಗುಳಿಯುತ್ತಾನೆ. ಆದಕಾರಣ ಸರಕಾರವು ಸುರಂಗರಸ್ತೆಯನ್ನು ಕೈಬಿಟ್ಟು, ಅದಕ್ಕೆಂದು ತೆಗೆದಿರಿಸುವ ತನ್ನ ಪಾಲಿನ ಹಣದಿಂದ ಮೊದಲು ಈ ದರವನ್ನು ಇಳಿಸಲಿ, ಬಳಿಕ ನಾಗವಾರದ ಮಾರ್ಗಕ್ಕೆ ಸಾಕಷ್ಟು ರೈಲುಗಳನ್ನು ಒದಗಿಸಲಿ; ನಮ್ಮ ಜಿಲ್ಲೆಯ ಶಾಸಕರೂ ವಿಧಾನಸಭೆಯಲ್ಲಿ ಇದನ್ನೇ ಒತ್ತಿ ಕೇಳಲಿ.